ಬಟಾಣಿ ಬೀದಿ, ಹದಿನಾಲ್ಕನೇ ಮನೆ

ತಾರ್ತು ಪಟ್ಟಣದಲ್ಲಿ ಒಂದು ಕೇರಿ,
ಬೀದಿಗಳಿಗೆಲ್ಲ ತರಕಾರಿಯ ಹೆಸರು.
ಆಲೂಗಡ್ಡೆ ಬೀದಿ ದಾಟಿ ಹೊಳೆಯ ಕಡೆ ಹೊರಳಿದರೆ
ಬಟಾಣಿ ಬೀದಿ. ನೆರೆ ಬಂದ ವರ್ಷದ ನೀರಿನ ಗೆರೆ
ಇನ್ನೂ ಇದೆ ಹದಿನಾಲ್ಕನೇ ಮನೆಯ ಮರದ ಗೋಡೆಗೆ.
ಅಲ್ಲಿ ಹೆಲ್ಯು ಪಿಹ್ಲಾಕ್
ಫ್ರೆಂಚಿನಿಂದ ಎಸ್ಟೋನಿಯನ್ನಿಗೆ ತರುತ್ತಿದ್ದಳು
ರಾತ್ರಿ ಹೊತ್ತು. ಗುಟ್ಟೇನಿಲ್ಲ,
ಹಗಲು ಬ್ರೆಡ್ಡಿನ ಕಾರ್ಖಾನೆಯ ಲೆಕ್ಕ ಬರೆಯಬೇಕಿತ್ತು, ಅದಕ್ಕೆ.

ಅಂಗಿಯ ತೋಳಿಗೆ ಹಿಟ್ಟು. ಹಾಳೆಗೂ.
ತಾಲಿನ್ನಿನ ಪ್ರಕಾಶನದಲ್ಲಿ ಒಬ್ಬ
ಹಸ್ತಪ್ರತಿ ಕೊಡವಿ, ಮೂಸಿ, ಕೇಳಿದನಂತೆ:
'ಬೆಂದಿದೆಯೋ, ಇನ್ನೂ ಹಸಿಯೋ?'
'ಹುಳಿ ಬರಲು ಬಿಟ್ಟಿದ್ದೆ' ಅಂದಳಂತೆ ಇವಳು.

ಅವಳ ಸ್ವಂತ ಕವಿತೆ? ಎರಡು ಪುಸ್ತಕ, ತೆಳ್ಳಗೆ.
ಪರರ ಕೂಸಿಗೆ ಮೊಲೆಯೂಡಿ ಮಿಕ್ಕಿದ್ದು, ಅನ್ನುತ್ತಿದ್ದಳು.

ನಿಘಂಟು ಅಪ್ಪನದು, ಯುದ್ಧಕ್ಕೆ ಮುಂಚಿನದು.
ಇಪ್ಪತ್ತೆರಡು ಪುಟ ಇಲ್ಲ.
ನಲವತ್ತೊಂಬತ್ತರ ಮಾರ್ಚಿನಲ್ಲಿ
ಅಣ್ಣ ಹೆನ್ನೊನನ್ನು ಲಾರಿ ಹತ್ತಿಸಿಕೊಂಡು ಹೋದ ಬೆಳಿಗ್ಗೆ
ಒದ್ದೆ ಸೌದೆ ಹತ್ತದೆ, ಅಮ್ಮ
ಕೈಗೆ ಸಿಕ್ಕಿದ್ದನ್ನು ಹರಿದು ಒಲೆಗೆ ಕೊಟ್ಟಿದ್ದಳು.
ಆ ಪುಟಗಳ ಮಾತು ಎದುರಾದಾಗಲೆಲ್ಲ
ಹೆಲ್ಯು ಅಂದಾಜಿನಲ್ಲಿ ಬರೆದಳು.
ಹಾಗೆ ಒಂದು ಹಕ್ಕಿ ಮೀನಾಯಿತು.
ಮೂವತ್ತು ವರ್ಷ ಆ ಮೀನು
ಶಾಲೆಯ ಪಠ್ಯದಲ್ಲಿ ಕೊಂಬೆಯ ಮೇಲೆ ಕೂತಿತ್ತು,
ಒಂದು ಮಗುವೂ ಕೇಳಲಿಲ್ಲ.

ಆಮೇಲೆ ಬಂತು ಆ ಎಂಬತ್ತು ಪುಟ.
ದಿಯೆಪ್ಪಿನ ಬಲೆಗಾರನ ಮಗಳು, ಹೆಸರಾಗದ ಹೆಂಗಸು,
ಕಡಲಿಗೆ ಹೋದವನನ್ನು ಕಾಯುತ್ತ ಬರೆದದ್ದು.
ಕೊನೆಯ ಸಾಲು ಎರಡೇ ಪದ:
ಅವನು ಬರುವನು.

ಫ್ರೆಂಚಿನಲ್ಲಿ ಕುರ್ಚಿ ಹೆಣ್ಣು, ಚಾಕು ಗಂಡು,
ಕಡಲು ಹೆಣ್ಣು, ಸಾವೂ ಹೆಣ್ಣು.
ಹೆಲ್ಯುವಿನ ನುಡಿಯಲ್ಲಿ ಅವನಿಲ್ಲ, ಅವಳಿಲ್ಲ,
ಇಬ್ಬರಿಗೂ ಒಂದೇ 'ತಾ'
(ನಮ್ಮ ಕಿವಿಗೆ ಅದು ಬೇಡುವ ಮಾತು).
ಬರುವುದಕ್ಕೆ ನಾಳೆಯ ರೂಪವೂ ಇಲ್ಲ;
ಬಾಗಿಲಲ್ಲಿ ನಿಂತವನೂ ಎಂದೋ ಬರಲಿರುವವನೂ
ಒಂದೇ ಕ್ರಿಯಾಪದದಲ್ಲಿ ಒತ್ತರಿಸಿಕೊಂಡು ನಿಲ್ಲಬೇಕು.
'ತಾ ತುಲೆಬ್.'
ಯಾರು? ಅವನೋ, ಕಡಲೋ, ಸಾವೋ? ಯಾವಾಗ?

ಎರಡು ಪದಕ್ಕೆ ಹನ್ನೊಂದು ವರ್ಷ.
'ನಾಳೆ' ಸೇರಿಸಿದಳು, ಹೊಡೆದು ಹಾಕಿದಳು.
'ಒಂದಲ್ಲ ಒಂದು ದಿನ' ಅಂತ ಬರೆದು
ನಾಚಿಕೊಂಡಳು.

ಎಪ್ಪತ್ತೊಂದಕ್ಕೆ ಮೊದಲ ಸಲ ಫ್ರಾನ್ಸ್.
ದಿಯೆಪ್ಪಿನ ಬೇಕರಿಯಲ್ಲಿ ಇವಳು ಬಾಯಿ ತೆರೆದರೆ
ಮಾರುವ ಹುಡುಗಿ ಕಣ್ಣರಳಿಸಿ
'ಅಜ್ಜಿಯ ಅಜ್ಜಿ ಬರೆದ ಕಾಗದದ ಹಾಗಿದೆ!' ಅಂದಳು.
ಹೆಲ್ಯುಗೆ ಅದರಲ್ಲಿ ಅರ್ಧ ತಿಳಿಯಲಿಲ್ಲ.
ಐವತ್ತು ವರ್ಷ ಕಣ್ಣಿಂದ ಕಲಿತದ್ದು,
ಕಿವಿಗೆ ಪರದೇಶಿ.
ಬ್ರೆಡ್ಡು ಮುರಿದು, ತಿಂದು,
ಉಪ್ಪು ಸಾಲದು ಎಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡಳು.

ಆ ಚಳಿಗಾಲ, ಒಲೆಯ ಬೂದಿ ಬಳಿಯುವಾಗ
ಅಮ್ಮ ನೆನಪಾದಳು. ಅಳುವ ಅಮ್ಮನಲ್ಲ,
ಸಂಜೆ ಸಂಜೆ ಮೂರನೆಯ ತಟ್ಟೆ ಇಟ್ಟು
ಗಂಜಿಯ ಪಾತ್ರೆಗೆ ಹೇಳುವ ಅಮ್ಮ:
'ತಾ ತುಲೆಬ್.'
ಅದು ನಂಬಿಕೆಯಾಗಿರಲಿಲ್ಲ. ಸುಳ್ಳೂ ಅಲ್ಲ.
ನಮ್ಮಲ್ಲಿ ಹೊಸಿಲು ದಾಟುವವರು, ಹೋಗುತ್ತಿದ್ದರೂ,
'ಬರ್ತೀನಿ' ಅನ್ನುತ್ತಾರಲ್ಲ, ಅಂಥದ್ದೇನೋ.

ಬೂದಿಗೈಯಲ್ಲೇ ಬರೆದಳು,
ಎರಡು ಪದ, ಹೆಚ್ಚಿಲ್ಲ, ಕಡಿಮೆಯಿಲ್ಲ.
ಕೊನೆಗೆ ಚುಕ್ಕಿ ಇಡಲಿಲ್ಲ.

ಅಚ್ಚಿನವರು ಇಟ್ಟರು.
ಅವಳ ಪ್ರತಿ ಈಗ ಪಕ್ಕದ ಮನೆಯ ಮಾರ್ಯೆಯ ಬಳಿ ಇದೆ.
ಆ ಚುಕ್ಕಿಯನ್ನು ಬ್ಲೇಡಿನಲ್ಲಿ ಕೆರೆದಿದ್ದಾಳೆ,
ಕೈ ತುಸು ಜೋರಾಗಿದೆ;
ಕಿಟಕಿಗೆ ಹಿಡಿದರೆ ಅಲ್ಲೊಂದು ತೂತು.