ಉಪ್ಪು ತಿಂದ ಮುಚ್ಚಿಗೆ

ಹಿಟ್ಟನ್ನು ನೀರಿಗೆ ಹಾಕಬೇಕು, ನೀರನ್ನು ಹಿಟ್ಟಿಗಲ್ಲ.
ಅಂದುಞಿ ಮೇಸ್ತ್ರಿ ಮೊದಲ ದಿನ ಕಲಿಸಿದ್ದು ಅಷ್ಟೇ.
ಬಾಲ್ದಿಯ ನಡುನೀರಲ್ಲಿ ಬಿಳಿ ಕುದುರು ತಲೆಯೆತ್ತಿದಾಗ ನಿಲ್ಲಿಸು,
ಬೀಡಿಯ ಎರಡು ದಮ್ಮಿನಷ್ಟು ಸುಮ್ಮನಿರು,
ಆಮೇಲೆ ಕೈ ಹಾಕು.

ಎಂಟು ನಿಮಿಷ ನಿನ್ನದು.
ಒಂಬತ್ತನೆಯದು ಅದರದು.

ರಾಜಸ್ಥಾನದಲ್ಲೆಲ್ಲೋ ಅಗೆದ ಕಲ್ಲಂತೆ.
ಸುಟ್ಟು, ಮೈಯ ನೀರು ಬತ್ತಿಸಿ, ಅರೆದು, ಚೀಲ ಹೊಲಿದು
ಕುಂಬಳೆಗೆ ಬಂದಿಳಿಯುವಾಗ
ತಾನು ಕಲ್ಲೆಂಬುದು ಅದಕ್ಕೆ ಮರೆತಿರುತ್ತದೆ.
ಒಂದು ಬಾಲ್ದಿ ನೀರು ಸಾಕು ನೆನಪಾಗಲಿಕ್ಕೆ.
ನೆನಪಾಗುವಾಗ ಮೈ ಬಿಸಿಯಾಗುತ್ತದೆ.

ಮೇಸ್ತ್ರಿಯ ಹಳೇ ಹಲ್ವದ ಡಬ್ಬಿಯಲ್ಲಿ ಮೂರು ಪೊಟ್ಟಣ.
ನಿಂಬೆಹುಳಿಯ ಪುಡಿ, ಬೇಕರಿಯ ಗ್ರೆಗರಿ ಕೊಟ್ಟದ್ದು:
ಒಂದು ಚಿಟಿಕೆಗೆ ಎಂಟು ನಿಮಿಷ ಇಪ್ಪತ್ತಾಗುತ್ತದೆ,
ಎಸಳಿನ ಅಂಚು ತಿದ್ದಲು ಪುರುಸೊತ್ತು.
ಕೈ ಜಾರಿದರೆ ಇಡೀ ರಾತ್ರಿ ಮೊಸರಿನ ಹಾಗೆ ಕೂತು
ಬೆಳಿಗ್ಗೆ ಉಗುರು ತಾಗಿದಲ್ಲೆಲ್ಲ ಉದುರುತ್ತದೆ.
ಮರವಜ್ರ, ಅದೂ ತಡೆಯುತ್ತದೆ,
ಆದರೆ ಕಾಯಿಸಿದ ನಾತಕ್ಕೆ ಮನೆಯ ಹೆಂಗಸರು ನಿಲ್ಲುವುದಿಲ್ಲ.
ಮೂರನೆಯದು ಬಿಳಿಗಾರ, ಅಕ್ಕಸಾಲಿಯ ಮೇಜಿನಿಂದ.

ತಡವಾಗಲಿಕ್ಕೆ ಮೂರು ಮದ್ದು. ಬೇಗ ಆಗಲಿಕ್ಕೆ?

ಡಬ್ಬಿ ಮುಚ್ಚಿದರು.
‘ಬಾಲ್ದಿ ತೊಳೆಯದಿದ್ದರೆ ಸಾಕು.
ನಿನ್ನೆಯ ಗಟ್ಟಿ ಚೂರು ಇವತ್ತಿನ ನೀರಲ್ಲಿ ಕೂತು
ಕರೆಯುತ್ತದೆ ಮಾರಾಯ, ಬಾ, ನೀನೂ ಕಲ್ಲಾಗು ಅಂತ.’

ನಾವು ಐದು ಜನ, ಐದು ಭಾಷೆ.
ಏಣಿಯ ಮೇಲೆ ತುಳು, ಕೆಳಗೆ ಮಲಯಾಳ,
ನಾರು ಬಿಡಿಸುವ ತಪನನದು ಬಂಗಾಳಿ.
ಅಚ್ಚಿನ ಬೆನ್ನಿಗೆ ತೆಂಗಿನ ನಾರು ಹಾಸಿ
ಹಾಲು ಹೊಯ್ದು ಎಲ್ಲರೂ ಕಾಯುವುದು ಮಾತ್ರ
ಒಂದೇ ಶಬ್ದಕ್ಕೆ: ಸೆಟ್.

ಆ ಶುಕ್ರವಾರ ನಿಕಾಹ್. ಮೇಸ್ತ್ರಿಗೆ ಜ್ವರ, ಮೊಗ್ರಾಲಿನಲ್ಲಿ ಮಲಗಿದ್ದರು.
ಮದುಮಗಳ ಕೋಣೆಯ ಮುಚ್ಚಿಗೆಗೆ ಇನ್ನೂ ಹದಿನಾಲ್ಕು ಹೂವು.
ಬೀಫಾತಿಮ್ಮ ಮೆಟ್ಟಿಲ ಬುಡದಿಂದ,
‘ಎಂತ ಸೇಸಪ್ಪ, ಮಳೆಗಾಲಕ್ಕೆ ಮುಗಿಯುತ್ತದಾ?’
ಅಡುಗೆಮನೆಯ ಉಪ್ಪಿನ ಭರಣಿ ಹತ್ತಿರವೇ ಇತ್ತು.
ಒಂದು ಮುಷ್ಟಿ.

ನಾಲ್ಕೇ ನಿಮಿಷ. ಅಚ್ಚಿನಿಂದ ಹೂವು
ಬಿಸಿ ಬಿಸಿಯಾಗಿ, ಟಣ್ ಎನ್ನುತ್ತ ಎದ್ದು ಬಂತು.
ಹದಿನಾಲ್ಕೂ ಏರಿಸಿ ಇಳಿದೆ.
ನನ್ನಷ್ಟು ಜಾಣ ಕುಂಬಳೆಯಲ್ಲಿ ಇರಲಿಲ್ಲ.

ಜೂನ್ ಹತ್ತಕ್ಕೆ ಫೋನು.
ಮಂಚದ ಸರೀ ಮೇಲೆ, ಹೂವಿನ ಮೇಲೊಂದು ಹೂವು:
ಬಿಳಿ ನವಿರು, ಎಳೆ ಬೂಷ್ಟಿನ ಹಾಗೆ,
ಒರೆಸಿದರೆ ಹೋಗುತ್ತದೆ, ಮರುದಿನ ಮತ್ತೆ ಬರುತ್ತದೆ,
ಬಣ್ಣ ಸಿಪ್ಪೆಯೆದ್ದು ಹೊಸ ಹಾಸಿಗೆಗೆ ಬೀಳುತ್ತದೆ.

ಮೇಸ್ತ್ರಿ ಬಂದರು. ಬೈಯಲಿಲ್ಲ.
ಏಣಿ ಹತ್ತಿ ಬೆರಳಲ್ಲಿ ಒರೆಸಿ ನಾಲಿಗೆಗೆ ಇಟ್ಟರು.
ಕಿಟಕಿಯಾಚೆ ಕಡಲು, ಗಾಳಿಯೇ ಒದ್ದೆ.
‘ಉಪ್ಪು ತಿಂದದ್ದು ನೀರು ಕುಡಿಯಲೇಬೇಕಲ್ಲ,’
ಅಂದರು, ಮುಚ್ಚಿಗೆಯ ಕಡೆ ನೋಡುತ್ತ.
ಹದಿನಾಲ್ಕನ್ನೂ ನನ್ನಿಂದಲೇ ಕೀಳಿಸಿದರು.
ಕೂಲಿ ಕೇಳುವ ಮುಖ ನನಗಿರಲಿಲ್ಲ. ಕೊಟ್ಟರು.

ಮೊನ್ನೆ ಅವರೇ ಏಣಿಯಿಂದ ಬಿದ್ದರು.
ಕಾಸರಗೋಡಿನ ಸರಕಾರಿ ಆಸ್ಪತ್ರೆ, ಬಲ ಮಣಿಕಟ್ಟು.
ನೋವಲ್ಲೂ ಕಣ್ಣು ಗೋಡೆಯ ಗಡಿಯಾರದ ಮೇಲೆ.
‘ಮೂರೇ ನಿಮಿಷ! ಇದಕ್ಕೆ ಎಂತ ಹಾಕುತ್ತೀರಿ?’
ಕಟ್ಟು ಕಟ್ಟುವ ಹುಡುಗ ನಕ್ಕ:
‘ಕಂಪೆನಿಯವರು ಹಾಕುತ್ತಾರೆ, ಏನೋ ಪೊಟ್ಯಾಸಿಯಂ.’
‘ಮೂಳೆಗೆ?’
‘ಮೂಳೆಗೆ ಆರು ವಾರ, ಬ್ಯಾರಿಗಳೇ. ಅದಕ್ಕೆ ಹಾಕಲು ಏನೂ ಇಲ್ಲ.’

ನನ್ನ ಅಂಗೈಯನ್ನು ಆ ಬಿಳಿ ಕೈಯ ಮೇಲೆ ಇರಿಸಿಕೊಂಡರು.
ಬಿಸಿ ಏರುತ್ತಿತ್ತು, ನಿಧಾನ,
ತುಂಬ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಆಮೇಲೆ ಕೇಳಿದರು,
‘ಬಾಲ್ದಿ ತೊಳೆದು ಬಂದಿದ್ದೀಯಲ್ಲ?’