ಒತ್ತದ ಗುಂಡಿ

ಮೊಖೊತ್ಲಾಂಗಿನ ಆಸ್ಪತ್ರೆಯ ಹಿಂಬದಿಗೆ ಪೆಟ್ಟಿಗೆಯಷ್ಟೇ ಒಂದು ಕೋಣೆ.
ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ್ದೇವೆ,
ನಾನೂ ಡ್ರೈವರ್ ಪಿತ್ಸೊನೂ ಸೇರಿ,
ಹೊರಗಿನ ಸದ್ದು ಒಳಗೆ ಬರಬಾರದೆಂದು.
ಬರುತ್ತದೆ ಆದರೂ: ಗಾಳಿ, ಕುದುರೆಯ ಗೊರಸು,
ಅಡುಗೆಮನೆಯಲ್ಲಿ ಯಾರೋ ಬೀಳಿಸಿದ ಮುಚ್ಚಳ.

ತಿಂಗಳಿಗೊಮ್ಮೆ ಇಲ್ಲಿ ಬಂದು ಕೂರುತ್ತಾರೆ
ಸಾದಾ ಮಾತ್ರೆಗೆ ಬಗ್ಗದ ಕ್ಷಯದವರು.
ದಿನಾ ಬೆಳಿಗ್ಗೆ ಸೂಜಿ. ಶ್ವಾಸಕೋಶ ಉಳಿಸುವ ಸೂಜಿ
ಕೆಲವರ ಕಿವಿಯಿಂದ ಬಾಡಿಗೆ ವಸೂಲಿ ಮಾಡುತ್ತದೆ.
ಮೊದಲು ಹೋಗುವುದು ತೀರ ಮೇಲಿನ ಸ್ವರ.
ಮಾತು ಇನ್ನೂ ಕೇಳುತ್ತಿರುತ್ತದಲ್ಲ,
ಹೋದದ್ದು ಹೋದವರಿಗೇ ಗೊತ್ತಾಗುವುದಿಲ್ಲ.
ಅದಕ್ಕೇ ಈ ಯಂತ್ರ. ಅದಕ್ಕೇ ನಾನು, ಲಿನೆಓ.
ನಾನು ಗುಂಡಿ ಒತ್ತುತ್ತೇನೆ, ಅವರು ಬೆರಳೆತ್ತುತ್ತಾರೆ.

ಇವತ್ತು ನ್ತಾತೆ ಸೆಖೋಬೆ ಕಂಬಳಿ ಬಿಚ್ಚದೆ ಕೂತರು.
ನ್ತಾತೆ ಅಂದರೆ ನಮ್ಮಲ್ಲಿ ಅಪ್ಪ.
ಇಪ್ಪತ್ತೆರಡು ವರ್ಷ ಗಣಿಯ ಡ್ರಿಲ್ಲು ತಿಂದು ಬಿಟ್ಟ ಕಿವಿ.
ಸಂಜೆ ಲೆಸಿಬಾ ನುಡಿಸುತ್ತಾರೆ:
ಒಂದು ಕೋಲು, ಒಂದು ತಂತಿ, ತುದಿಗೆ ಸೀಳಿದ ಗರಿ,
ಉಸಿರೆಳೆದರೂ ನಾದ, ಬಿಟ್ಟರೂ ನಾದ.
ಈ ಶ್ವಾಸಕೋಶದಲ್ಲಾ ಎಂದು ಡಾಕ್ಟರು ಗದರಿದರೆ
ಇದೇ ನನ್ನ ಎಕ್ಸ್‌ರೇ ಎಂದಿದ್ದರು.

ಒತ್ತಿದೆ. ಬೆರಳೆತ್ತಿದರು.
ನಾಲ್ಕು ಸಾವಿರ. ಎತ್ತಿದರು.
ಆರು ಸಾವಿರ. ಎತ್ತಿದರು.
ಎಂಟು ಸಾವಿರಕ್ಕೂ ಎತ್ತಿದರು, ಅಚ್ಚುಕಟ್ಟಾಗಿ, ತಾಳ ತಪ್ಪದೆ.

ತಾಳ.

ಕೈ ಹಿಡಿದೆ. ಗುಂಡಿ ಒತ್ತಲಿಲ್ಲ.
ಬೆರಳೆದ್ದಿತು.
ಇನ್ನೊಮ್ಮೆ ಒತ್ತಲಿಲ್ಲ.
ಮತ್ತೆ ಎದ್ದಿತು, ಪಾಪದ ಬೆರಳು, ಉಗುರಿನಲ್ಲಿ ಹಳೆಯ ಕಪ್ಪು.

"ನಿಲ್ಲಿಸಬೇಡ ಮಗಳೇ,
ಸೂಜಿ ತಪ್ಪಿಸಿಕೊಂಡ ಲೆಬೋನೆ ಮಣ್ಣಾದ.
ಸತ್ತವನಿಗೆ ಕಿವಿ ಯಾಕೆ?"

ಸೂಜಿಯ ಬದಲಿಗೆ ಮಾತ್ರೆಯಿದೆ ನ್ತಾತೆ,
ಮಸೇರುವಿನಲ್ಲಿದೆ, ಕೇಳಿದರೆ ಕಳಿಸುತ್ತಾರೆ.
ಕೇಳಲು ಕಾಗದ ಬೇಕು,
ಕಾಗದಕ್ಕೆ ಸುಳ್ಳು ಹೇಳದ ಬೆರಳು ಬೇಕು.

ಬಹಳ ಹೊತ್ತು ಯಂತ್ರವನ್ನೇ ನೋಡಿದರು.
ಎರಡನೆಯ ಸಲ, ನಾಲ್ಕು ಸಾವಿರಕ್ಕೇ
ಬೆರಳು ತೊಡೆಯ ಮೇಲೆ ಮಲಗಿಬಿಟ್ಟಿತು.

ಹಳದಿ ಫಾರಂ.
ಔಷಧಿ, ಬ್ಯಾಚ್ ನಂಬರು, ಶುರುವಾದ ತಾರೀಕು.
ಹಾನಿ ಎಂಥದು? ಚೌಕಗಳಿವೆ:
ಸಾವು, ಜೀವಾಪಾಯ, ಶಾಶ್ವತ ಊನ, ಇತರೆ.
ಇತರೆಯ ಮುಂದೆ ಲೆಸಿಬಾ ಎಂದು ಬರೆದು, ಹೊಡೆದು ಹಾಕಿ,
ಮತ್ತೆ ಬರೆದೆ.
ಕೆಳಗೆ ಸಣ್ಣಕ್ಷರದಲ್ಲಿ:
ಖಚಿತವಾಗಿರಬೇಕಿಲ್ಲ, ಅನುಮಾನವಿದ್ದರೂ ಸಾಕು, ಕಳಿಸಿ.
ಆ ಫಾರಮ್ಮಿನಲ್ಲಿ ನನಗಿಷ್ಟವಾದ ಸಾಲು ಅದೊಂದೇ.
ನನ್ನಂಥವಳೇ ಯಾರೋ ಬರೆದಿರಬೇಕು.

ಪಿತ್ಸೊ ಲಕೋಟೆಯನ್ನು ಸೀಟಿನಡಿ ತುರುಕಿ ಹೊರಟ.
ಘಾಟಿಯಲ್ಲಿ ಹಿಮ.
ಡಾಕ್ಟರು ಅಂದೇ ಸೂಜಿ ನಿಲ್ಲಿಸಿದರು.
ಮಾತ್ರೆ ಬಂದಿಲ್ಲ. ಇವತ್ತು ಒಂಬತ್ತನೇ ದಿನ.

ಸಂಜೆ ಗೇಟಿನ ಬಳಿ ಸೆಖೋಬೆ ನನ್ನನ್ನು ತಡೆದರು.
"ಮೇಲಿನ ಸ್ವರ ಬರುತ್ತಿದೆಯಾ ನೋಡು,
ನನ್ನ ತುಟಿಗೆ ಗೊತ್ತಾಗುತ್ತದೆ, ಅಷ್ಟೇ."
ಅವರು ನುಡಿಸಿದರು. ನಾನು ಬೆರಳೆತ್ತಿದೆ.
ನುಡಿಸಿದರು. ಎತ್ತಿದೆ.
ಒಂದು ಕಡೆ ಎತ್ತಲಿಲ್ಲ.

ಗರಿಯನ್ನು ಎಂಜಲಿನಲ್ಲಿ ನೆನೆಸಿ, ಸರಿಮಾಡಿಕೊಂಡು,
ಮತ್ತೆ ಬಾಯಿಗಿಟ್ಟರು.