ಒಂದ ಮೀಟರು

ಬಂತು ಅಂತ ಒಂದು ಸದ್ದು, ಏರಿ.
ಹೋತು ಅಂತ ಒಂದು ಸದ್ದು, ಇಳಿದು.
ಅಕ್ಕಲಕೋಟದ ಬಸ್‌ಸ್ಟ್ಯಾಂಡ್ ಹಿಂದ ನನ್ನ ಸ್ಟುಡಿಯೋದಾಗ
ಮುಂಜಾನಿಂದ ಇವೆರಡೇ.

ಕೇಬಲ್ ಬದಲಿಸಿದೆ.
ಮುಂದಿನ ತೂತು ಬಿಟ್ಟು ಹಿಂದಿನದಕ್ಕ ಚುಚ್ಚಿದೆ.
ಹಾರ್ಡ್‌ಡಿಸ್ಕಿಗೆ ನಿದ್ದಿ ಹತ್ತಬಾರದಂತ
ಸೆಟ್ಟಿಂಗ್‌ನಾಗ ಹೊಕ್ಕು ಟಿಕ್ ತೆಗೆದೆ.
ಸೋಲಾಪುರದ ಇಮ್ತಿಯಾಜ್ ಫೋನಿನಾಗ
'ಪವರ್ ಕಮಿ ಪಡತೋಯ್' ಅಂದ.
ಎಲ್ಲಿ ಕಮ್ಮಿ ಅಂತ ಕೇಳೂದ್ರಾಗ
ಬಸ್ಸಿನ ಹಾರ್ನು.

ಒಳಗ ಆರು ಮದಿವಿ, ಒಂದು ತೊಟ್ಟಿಲು,
ಭಾಗೀರತಿ ಅಕ್ಕೋರ ನಿವೃತ್ತಿ.
ಹನ್ನೆರಡು, ನಲವತ್ತು,
ಮತ್ತ ಸೊನ್ನಿ.

ಬೈಯೂದು ಬಿಟ್ಟು ಕಣ್ಣು ಮುಚ್ಚಿ ಕೂತೆ.
ಆಗ ಕೇಳಿತು:
ಗ್ವಾಡಿ ಆಚೆ ಹೊಲಿಗಿ ಮಷಿನ್ ಗುರ್ರ್ ಅಂದ ಕೂಡಲೆ
ಈಚೆ ನನ್ನದು, ಹೋತು.
ಅದು ನಿಂತರ, ಬಂತು.
ಎರಡೂ ಅಂಗಡಿಗೆ ಮಾಲಕ ಕೊಟ್ಟದ್ದು ಒಂದ ಮೀಟರು.
ಹತ್ತು ಸಲ ಎಣಿಸಿ ಎದ್ದೆ.

ಅಂಬುಬಾಯಿ, ಮೋಟಾರ್ ಯಾವಾಗ ಹಚ್ಚಿಸಿದಿ?
ಐತವಾರ. ಯಾಕ?
ಇಪ್ಪತ್ತು ನಿಮಿಷ ನಿಲ್ಲಸ್ತಿ ಏನಕ್ಕಾ?

ಬಾಯಾಗಿನ ಟಾಚಣಿ ಸೆರಗಿಗೆ ಚುಚ್ಚಿ
ಬಂದು ಬಾಜೂಕ ಕೂತಳು.
ಹಸರು ಗೆರಿ ನಲವತ್ತು ದಾಟಿತು. ಐವತ್ತು.
ಒಲಿ ಮ್ಯಾಲ ಹಾಲಿಟ್ಟವರಂಗ
ಇಬ್ಬರೂ ಅದನ್ನ ನೋಡಿದಿವಿ.

ಇತ್ತ ಬಂದು ಮುಟ್ಟಿದ ಮದಿವಿ ಒಂದನ್ನ ತೆರೆದೆ.
ಆಕಿ ಬಗ್ಗಿ ಪರದೆಗೆ ಬೆರಳು ಹಚ್ಚಿದಳು:
ಈ ಜಂಪರ ನಾ ಹೊಲದದ್ದು.
ಎಡಗಡಿ ತೋಳು ಸೊಟ್ಟ ಆಗೇತಿ ನೋಡು.
ಅವತ್ತ ಯಾರೂ ಅನ್ನಲಿಲ್ಲ.
ಇದೊಂದು ಉಳಸಬ್ಯಾಡ, ಹೋಗಲಿ.

ಎಂಬತ್ತೊಂದು ಆತಕ್ಕಾ, ಅಂದೆ.